ಕುಣಿಸುತ್ತಾ ಗಣಿತ ಕಲಿಸುವುದು ಹೇಗೆ? ಹೆಜ್ಜೆ ತಪ್ಪಿದರೆ ಲೆಕ್ಕವೂ ತಪ್ಪಬೇಕು

ಎರಡರ ಮಗ್ಗಿಗೆ ಯಾವುದೋ ಸಿನಿಮಾ ಧಾಟಿ ಹಾಕಿ ಮಕ್ಕಳನ್ನು ಕುಣಿಸಿದರೆ ಅದು ನೃತ್ಯದ ಮೂಲಕ ಗಣಿತ ಕಲಿಸಿದ ಹಾಗೆ ಆಗುವುದಿಲ್ಲ. ಮಗ್ಗಿ ಬಾಯಿಪಾಠ ಆಗಬಹುದು, ಮಕ್ಕಳಿಗೆ ಖುಷಿಯೂ ಆಗಬಹುದು, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಕುಣಿತದ ಪಾಡಿಗೆ ಕುಣಿತ, ಲೆಕ್ಕದ ಪಾಡಿಗೆ ಲೆಕ್ಕ. ವಾರ್ಷಿಕೋತ್ಸವದಲ್ಲಿ ಎದೆ ಮೇಲೆ ಥರ್ಮಾಕೋಲಿನ ಪ್ಲಸ್ಸು, ಮೈನಸ್ಸು ಅಂಟಿಸಿಕೊಂಡು ಕುಣಿಯುವುದೂ ಇದೇ ಜಾತಿಯದು.

ಯಾವ ಚಟುವಟಿಕೆ ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ನೋಡಲು ನನ್ನ ಹತ್ತಿರ ಒಂದೇ ಪರೀಕ್ಷೆ ಇದೆ. ಮಗು ಲೆಕ್ಕ ತಪ್ಪಿದರೆ ಹೆಜ್ಜೆ ಕೂಡಬಾರದು. ಅಂದರೆ ಟೀಚರು ಬಂದು "ತಪ್ಪು" ಅಂತ ಹೇಳುವ ಮೊದಲೇ ಡಿಕ್ಕಿ ಹೊಡೆಯಬೇಕು, ಜೋಡಿ ತಪ್ಪಿಹೋಗಬೇಕು, ಹಗ್ಗ ಗಂಟಾಗಬೇಕು, ತಾಳ ಮುಗಿದ ಮೇಲೂ ಒಂದು ಹೆಜ್ಜೆ ಉಳಿದುಬಿಡಬೇಕು. ಹಾಗಾದರೆ ಆ ಕುಣಿತದ ಒಳಗೇ ಗಣಿತ ಇದೆ ಅಂತ ಅರ್ಥ. ಕೆಳಗೆ ಹೇಳಿರುವ ಎಲ್ಲವೂ ಈ ಪರೀಕ್ಷೆ ದಾಟಿದವು. ನೃತ್ಯ ಬಾರದ ಮೇಷ್ಟ್ರಿಗೂ ಆಗುತ್ತದೆ, ಮನೆಯಲ್ಲಿ ನಾಲ್ಕು ಮಕ್ಕಳನ್ನು ಸೇರಿಸಿಕೊಂಡ ಅಮ್ಮನಿಗೂ ಕೆಲವು ಆಗುತ್ತವೆ.

ಶುರು ಮಾಡುವ ಮುಂಚೆ

ಜಾಗ ದೊಡ್ಡದು ಬೇಕಿಲ್ಲ. ಶಾಲೆಯ ಜಗಲಿ, ಪ್ರಾರ್ಥನೆ ಅಂಗಳ, ಬೆಂಚು ಸರಿಸಿದ ಕೋಣೆ ಸಾಕು. ಸೀಮೆಸುಣ್ಣ ಅಥವಾ ರಂಗೋಲಿ ಪುಡಿ, ಒಂದು ಉಲ್ಲನ್ ಉಂಡೆ, ಎರಡು ಹಗ್ಗ, ಮೂರು ದುಪಟ್ಟಾ, ಕೋಲಾಟದ ಕೋಲುಗಳು ಇದ್ದರೆ ಆಯಿತು. ಮೊಬೈಲಿನಲ್ಲಿ ಹಾಡು ಹಾಕುವುದು ಮೊದಲಿಗೆ ಬೇಡ. ಹಾಡು ನಿಮಗಾಗಿ ನಿಲ್ಲುವುದಿಲ್ಲ, ಬಾಯಲ್ಲಿ ಹೇಳುವ "ತಕಧಿಮಿ" ನಿಲ್ಲುತ್ತದೆ.

ತರಗತಿಯಲ್ಲಿ 40 ಮಕ್ಕಳಿದ್ದರೆ ಎಲ್ಲರನ್ನೂ ಒಟ್ಟಿಗೆ ಕುಣಿಸಲು ಹೋಗಬೇಡಿ. ಅರ್ಧ ಜನ ಕುಣಿಯಲಿ, ಇನ್ನರ್ಧ ಜನ ಸ್ಲೇಟು ಹಿಡಿದು ಏನಾಗುತ್ತಿದೆ ಅಂತ ಬರೆಯಲಿ, ಆಮೇಲೆ ಅದಲುಬದಲು. ನಿಲ್ಲಿಸಲು ಒಂದು ಗುರುತು ಇರಲಿ. ಕೂಗಿ ಕೂಗಿ ನಿಲ್ಲಿಸಲು ಹೋದರೆ ನಿಮ್ಮ ಗಂಟಲು ಹೋಗುತ್ತದೆ, ಪಕ್ಕದ ಕ್ಲಾಸಿನವರಿಂದ ದೂರೂ ಬರುತ್ತದೆ. ನುಣುಪು ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಕುಣಿಯುವುದು ಬೇಡವೇ ಬೇಡ.

ಆರನೇ ಕ್ಲಾಸಿಗೆ ಬಂದ ಮೇಲೆ ಹುಡುಗರು ಹುಡುಗಿಯರ ಕೈ ಹಿಡಿಯುವುದಿಲ್ಲ, ಅವರೂ ಇವರ ಕೈ ಹಿಡಿಯುವುದಿಲ್ಲ. ಇದಕ್ಕೆ ಉಪನ್ಯಾಸ ಬೇಡ, ನಡುವೆ ಒಂದು ಕೋಲು ಕೊಡಿ. ಓಡಾಡಲು ಕಷ್ಟ ಇರುವ ಮಗು ಇದ್ದರೆ ಅದನ್ನು ಮೂಲೆಯಲ್ಲಿ ಕೂರಿಸಬೇಡಿ. ತಾಳ ಹಿಡಿಯುವುದು, ಹೆಜ್ಜೆ ಕೂಗುವುದು, ಕೈಯಲ್ಲೇ ಕುಣಿಯುವುದು ಇವೆಲ್ಲ ಅದೇ ಲೆಕ್ಕ. ತಾಳ ಹಿಡಿದವರು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ, ಅದು ಸಣ್ಣ ಕೆಲಸ ಅಲ್ಲ.

ಪ್ರತಿ ಸಲವೂ ಕ್ರಮ ಒಂದೇ: ಮೊದಲು ಊಹೆ, ಆಮೇಲೆ ಕುಣಿತ, ಆಮೇಲೆ ಬರಹ. ಊಹೆ ಬಿಟ್ಟರೆ ಕುಣಿತ ಸುಮ್ನೆ ಆಟ ಆಗಿಬಿಡುತ್ತದೆ. "ಏನಾಗುತ್ತೆ ಅಂತ ಅನ್ನಿಸುತ್ತೆ? ಬೋರ್ಡಿನಲ್ಲಿ ಬರೆಯಿರಿ" ಅಂದ ಮೇಲೆ ಮಕ್ಕಳು ಕುಣಿಯುವ ರೀತಿಯೇ ಬೇರೆ, ಯಾಕೆಂದರೆ ಈಗ ಗೆಲ್ಲಬೇಕು.

ಸಾಲು, ಚಪ್ಪಾಳೆ, ಲಸಾಅ

ಸುಲಭದ್ದರಿಂದ ಶುರು ಮಾಡೋಣ. 24 ಮಕ್ಕಳನ್ನು ಡ್ರಿಲ್ ಮಾಡುವ ಹಾಗೆ ಸಮ ಸಾಲುಗಳಲ್ಲಿ ನಿಲ್ಲಲು ಹೇಳಿ. 2 ಸಾಲು 12 ಜನ, 3 ಸಾಲು 8 ಜನ, 4 ಸಾಲು 6 ಜನ. ಎಲ್ಲರೂ ನಿಂತಲ್ಲೇ ಬಲಕ್ಕೆ ತಿರುಗಿದರೆ 4 ಸಾಲು 6 ಆಗಿದ್ದದ್ದು 6 ಸಾಲು 4 ಆಗುತ್ತದೆ, ಒಬ್ಬರೂ ಜಾಗ ಬಿಟ್ಟಿಲ್ಲ. ಈಗ ಒಬ್ಬರನ್ನು ಕೂರಿಸಿ, 23 ಜನ. ಎಷ್ಟು ಒದ್ದಾಡಿದರೂ ಒಂದೇ ಉದ್ದ ಸಾಲು. ಅವಿಭಾಜ್ಯ ಸಂಖ್ಯೆ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಲಸಾಅಗೆ, ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯಕ್ಕೆ, ಎರಡು ಗುಂಪು ಮಾಡಿ. ಎಲ್ಲರೂ ಒಟ್ಟಿಗೆ 1, 2, 3 ಅಂತ ಎಣಿಸುತ್ತಾರೆ. ಮೊದಲ ಗುಂಪು ಮೂರಕ್ಕೊಮ್ಮೆ ಚಪ್ಪಾಳೆ ಹೊಡೆಯುತ್ತದೆ, ಎರಡನೇ ಗುಂಪು ನಾಲ್ಕಕ್ಕೊಮ್ಮೆ ಕಾಲು ಅಪ್ಪಳಿಸುತ್ತದೆ. ಎರಡೂ ಒಟ್ಟಿಗೆ ಕೇಳಿಸುವುದು 12ಕ್ಕೆ. ಮಕ್ಕಳು ತಕ್ಷಣ "ಓ, ಗುಣಿಸಿದರೆ ಆಯ್ತು" ಅನ್ನುತ್ತಾರೆ. ಅನ್ನಲಿ, ತಿದ್ದಬೇಡಿ. ಮುಂದಿನ ಸಲ 4 ಮತ್ತು 6 ಕೊಡಿ. ಎಲ್ಲರೂ 24 ಅಂತ ಊಹೆ ಬರೆದಿರುತ್ತಾರೆ, 12ಕ್ಕೇ ಚಪ್ಪಾಳೆ ಮತ್ತು ಕಾಲು ಎರಡೂ ಧಡ್ ಅಂತ ಬಿದ್ದಾಗ ಅರ್ಧ ಕ್ಲಾಸು ಇನ್ನರ್ಧ ಕ್ಲಾಸನ್ನು ತಪ್ಪು ಎಣಿಸಿದಿರಿ ಅಂತ ಬೈಯುತ್ತದೆ. ಆ ಜಗಳ ನಡೆಯಲು ಬಿಡಿ. ಪಾಠ ಅಲ್ಲೇ ಇರುವುದು.

ಹತ್ತು ಜನರ ವೃತ್ತ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಮೂರನೇ ಕ್ಲಾಸಿಗೂ ಆಗುತ್ತದೆ, ಒಂಬತ್ತನೇ ಕ್ಲಾಸಿಗೂ ಆಗುತ್ತದೆ.

ಹತ್ತು ಮಕ್ಕಳು ವೃತ್ತದಲ್ಲಿ ನಿಲ್ಲಲಿ, ಒಬ್ಬೊಬ್ಬರ ಮುಂದೆ ನೆಲದ ಮೇಲೆ 0ಯಿಂದ 9ರವರೆಗೆ ಅಂಕಿ ಬರೆಯಿರಿ. ಹನ್ನೊಂದನೇ ಮಗು ಉಲ್ಲನ್ ಉಂಡೆ ಹಿಡಿದು 0ಯಲ್ಲಿ ನಿಲ್ಲುತ್ತದೆ. ಉಳಿದವರು ಮೂರರ ಮಗ್ಗಿ ಹೇಳುತ್ತಾರೆ, ನಡೆಯುವ ಮಗು ಬಿಡಿ ಸ್ಥಾನದ ಅಂಕಿಯನ್ನು ಮಾತ್ರ ನೋಡುತ್ತದೆ. 3, 6, 9, ಆಮೇಲೆ 12 ಅಂದರೆ 2ಕ್ಕೆ ಹೋಗಬೇಕು, 15 ಅಂದರೆ 5ಕ್ಕೆ. ಹೋದಲ್ಲೆಲ್ಲ ಆ ಮಗುವಿನ ಬೆರಳಿಗೆ ದಾರ ಸುತ್ತಿ ಮುಂದೆ ಹೋಗಬೇಕು. 0, 3, 6, 9, 2, 5, 8, 1, 4, 7, ವಾಪಸ್ 0. ಎಲ್ಲರ ಬೆರಳಲ್ಲೂ ದಾರ, ನಡುವೆ ಹತ್ತು ಮೂಲೆಯ ನಕ್ಷತ್ರ.

ಈಗ ನಾಲ್ಕರ ಮಗ್ಗಿ. 0, 4, 8, 2, 6, 0. ಐದು ಮೂಲೆಯ ನಕ್ಷತ್ರ, ಬೆಸ ಅಂಕಿಯಲ್ಲಿ ನಿಂತ ಐದು ಜನಕ್ಕೆ ದಾರವೇ ಸಿಗಲಿಲ್ಲ. ಅವರಿಗೆ ಬೇಜಾರು, ನಿಮಗೆ ಪಾಠ. ಎರಡರ ಮಗ್ಗಿಯಲ್ಲಿ ಪಂಚಭುಜ ಬರುತ್ತದೆ. ಐದರ ಮಗ್ಗಿಯಲ್ಲಿ 0ಯಿಂದ 5ಕ್ಕೆ ಹೋಗುವುದು, ವಾಪಸ್ ಬರುವುದು, ಅಷ್ಟೇ. ಏಳರ ಮಗ್ಗಿ ಮಾಡುವ ಮುಂಚೆ ಊಹೆ ಕೇಳಿ. ಮೂರರ ನಕ್ಷತ್ರವೇ ಬರುತ್ತದೆ, ನಡೆಯುವ ದಿಕ್ಕು ಮಾತ್ರ ಉಲ್ಟಾ. 6 ಮತ್ತು 4 ಹೀಗೇ ಜೋಡಿ, 8 ಮತ್ತು 2 ಕೂಡ. ಹತ್ತಕ್ಕೆ ಕೂಡುವ ಜೋಡಿಗಳು ಇವು ಅಂತ ಮಕ್ಕಳೇ ಹೇಳಬೇಕು, ನೀವಲ್ಲ. ಮಗ್ಗಿ ಬಾಯಿಗೆ ಬಾರದ ಮಗುವಿಗೂ ನಕ್ಷತ್ರ ನೋಡಿ ಮುಂದಿನ ಅಂಕಿ ಗೊತ್ತಾಗಲು ಶುರುವಾಗುತ್ತದೆ.

ದೊಡ್ಡ ಮಕ್ಕಳಿಗೆ ಪ್ರಶ್ನೆ ಬೇರೆ. ಯಾವ ಜಿಗಿತ (ಮೂರರ ಮಗ್ಗಿ ಅಂದರೆ 3ರ ಜಿಗಿತ) ಎಲ್ಲರನ್ನೂ ಮುಟ್ಟುತ್ತದೆ? ಹತ್ತರ ವೃತ್ತದಲ್ಲಿ 1, 3, 7, 9. ಹನ್ನೆರಡು ಜನರ ವೃತ್ತ ಮಾಡಿದರೆ 1, 5, 7, 11. ಏಳು ಜನರಿದ್ದರೆ 1ರಿಂದ 6ರವರೆಗೆ ಯಾವ ಜಿಗಿತವಾದರೂ ಎಲ್ಲರನ್ನೂ ಮುಟ್ಟಿಯೇ ಮುಟ್ಟುತ್ತದೆ. ಜಿಗಿತ ಮತ್ತು ಜನರ ಸಂಖ್ಯೆ ಎರಡರ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) 1 ಇರಬೇಕು ಅನ್ನುವ ಮಾತನ್ನು ಇಲ್ಲಿಗೆ ಬಂದ ಮೇಲೆ ಹೇಳಿ, ಮುಂಚೆ ಬೇಡ. ಹನ್ನೆರಡರ ವೃತ್ತಕ್ಕೆ ಮಗ್ಗಿಯ ಬಿಡಿ ಅಂಕಿ ನಡೆಯುವುದಿಲ್ಲ, ಅಲ್ಲಿ ಜನರನ್ನೇ ಎಣಿಸಿ ಜಿಗಿಯಬೇಕು, ಇದನ್ನು ಮಾತ್ರ ಮೊದಲೇ ಹೇಳಿಬಿಡಿ.

ಕೋಲಾಟದಲ್ಲಿ ಸಿಗುವ ಲೆಕ್ಕ

ಒಳಗೊಂದು ವೃತ್ತ, ಹೊರಗೊಂದು ವೃತ್ತ, ಎದುರುಬದುರು ಜೋಡಿ. ಎಂಟು ಜೋಡಿ ಇರಲಿ. ನಾಲ್ಕು ಪೆಟ್ಟು ಹೊಡೆದ ಮೇಲೆ ಹೊರಗಿನವರು ಮಾತ್ರ ಬಲಕ್ಕೆ ಒಂದು ಜಾಗ ಸರಿಯುತ್ತಾರೆ. ಮೊದಲಿನ ಜೋಡಿ ಮತ್ತೆ ಯಾವಾಗ ಸಿಗುತ್ತದೆ? ಎಂಟು ಸಲ ಸರಿದ ಮೇಲೆ. ಇದನ್ನು ಎಲ್ಲರೂ ಸರಿಯಾಗಿ ಹೇಳುತ್ತಾರೆ.

ಈಗ ಎರಡೂ ವೃತ್ತದವರು ತಮ್ಮ ತಮ್ಮ ಬಲಕ್ಕೆ ಒಂದೊಂದು ಜಾಗ ಸರಿಯಲಿ. ಎದುರುಬದುರು ನಿಂತಿರುವುದರಿಂದ ಇಬ್ಬರೂ ವಿರುದ್ಧ ದಿಕ್ಕಿಗೆ ಹೋಗುತ್ತಾರೆ, ಪ್ರತಿ ಸಲ ಎರಡು ಜಾಗದ ಅಂತರ ಬೀಳುತ್ತದೆ. ನಾಲ್ಕೇ ಸಲಕ್ಕೆ ಹಳೇ ಜೋಡಿ ಎದುರಿಗೆ. "ಸರ್, ನನಗೆ ಅವಳ ಜೊತೆ ಆಡಲು ಸಿಗಲೇ ಇಲ್ಲ" ಅಂತ ಯಾರೋ ಒಬ್ಬರು ದೂರು ಹೇಳುತ್ತಾರೆ. ನಿಜ, ಎಂಟು ಜನರಲ್ಲಿ ನಾಲ್ಕು ಜನ ಮಾತ್ರ ಸಿಕ್ಕಿದ್ದು. ಒಂದು ಜೋಡಿ ಕಡಿಮೆ ಮಾಡಿ ಏಳು ಮಾಡಿದರೆ? ಏಳೂ ಜನ ಸಿಗುತ್ತಾರೆ. ಒಂಬತ್ತು ಮಾಡಿದರೂ ಸಿಗುತ್ತಾರೆ. ಹತ್ತು ಜನರ ವೃತ್ತ ಮಾಡಿದ ಮಕ್ಕಳಾದರೆ ಇದು ಅದೇ ಲೆಕ್ಕ ಅಂತ ಗುರುತು ಹಿಡಿಯಬೇಕು. ಹಿಡಿಯದಿದ್ದರೆ ಇನ್ನೊಂದು ಸುತ್ತು ಕುಣಿಸಿ, ಅವಸರ ಏನಿಲ್ಲ.

ಕೋಲಾಟದಲ್ಲೇ ಸಮಮಿತಿಯೂ ಇದೆ. ಎದುರು ನಿಂತವರು ನಾನು ಬಲಗೈ ಎತ್ತಿದಾಗ ಎಡಗೈ ಎತ್ತಿದರೆ ಅದು ಕನ್ನಡಿ, ಪ್ರತಿಫಲನ. ಅವರೂ ಬಲಗೈಯನ್ನೇ ಎತ್ತಿದರೆ ಅದು ಅರ್ಧ ಸುತ್ತಿನ ತಿರುಗುವಿಕೆ. ಬಲಗೈ ಕೋಲಿಗೆ ಬಲಗೈ ಕೋಲು ಹೊಡೆದಾಗ ಕೋಲುಗಳು ಅಡ್ಡಡ್ಡ ಬರುವುದು ಅದಕ್ಕೇ. ಒಮ್ಮೆ ಕನ್ನಡಿ ಥರ, ಒಮ್ಮೆ ತಿರುಗುವ ಥರ ಹೊಡೆಸಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಜಡೆ ಕೋಲಾಟ ನೋಡಿದ್ದೀರಲ್ವಾ? ಮೇಲಿನಿಂದ ಇಳಿಬಿಟ್ಟ ಬಟ್ಟೆ ಅಥವಾ ಹಗ್ಗ ಹಿಡಿದು ಕುಣಿಯುತ್ತಾ ಜಡೆ ಹೆಣೆಯುತ್ತಾರೆ, ಆಮೇಲೆ ಉಲ್ಟಾ ಕುಣಿದು ಬಿಚ್ಚುತ್ತಾರೆ. ಅಷ್ಟು ದೊಡ್ಡದು ಶಾಲೆಯಲ್ಲಿ ಕಷ್ಟ. (ಧ್ವಜಸ್ತಂಭಕ್ಕೆ ಕಟ್ಟೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ.) ಕಿಟಕಿ ಸರಳಿಗೆ ಮೂರು ದುಪಟ್ಟಾ ಕಟ್ಟಿ, ಮೂರು ಮಕ್ಕಳ ಕೈಗೆ ಕೊಡಿ. ಎರಡೇ ಆಜ್ಞೆ. "ಎಡ" ಅಂದರೆ ಎಡಗಡೆಯವರು ನಡುವಿನವರ ಮುಂದಿನಿಂದ ಹಾದು ನಡುವಿಗೆ ಬರಬೇಕು, ನಡುವಿನವರು ಎಡಕ್ಕೆ ಹೋಗಬೇಕು. "ಬಲ" ಅಂದರೆ ಬಲಗಡೆಯವರು ಹಾಗೇ ನಡುವಿಗೆ. ಎಡ, ಬಲ, ಎಡ, ಬಲ ಅನ್ನುತ್ತಾ ಹೋದರೆ ಜಡೆ ಆಗುತ್ತದೆ.

ಬಿಚ್ಚುವುದು ಹೇಗೆ? ಕೊನೆಗೆ ಮಾಡಿದ್ದನ್ನು ಮೊದಲು ವಾಪಸ್ ಮಾಡಬೇಕು. ಕೊನೆಗೆ "ಬಲ" ಆಗಿದ್ದರೆ ನಡುವಿನವರು ಮೊದಲು ಬಲಕ್ಕೆ ವಾಪಸ್. ಹಾಗಲ್ಲದೆ ಎಡದಿಂದ ಬಿಚ್ಚಲು ಹೋದರೆ ಇನ್ನಷ್ಟು ಸಿಕ್ಕು. ಇದಾದ ತಕ್ಷಣ ಬೋರ್ಡಿಗೆ ಬನ್ನಿ: ಒಂದು ಸಂಖ್ಯೆ ತೆಗೆದುಕೊಂಡೆ, 2ರಿಂದ ಗುಣಿಸಿದೆ, 3 ಕೂಡಿದೆ, 11 ಬಂತು. ಮೊದಲು ಯಾವುದನ್ನು ಬಿಚ್ಚಬೇಕು? ಸಮೀಕರಣದಲ್ಲಿ "ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ" ಅಂತ ಮಾತ್ರ ಕಲಿತ ಮಕ್ಕಳು ಮೊದಲು 2ರಿಂದ ಭಾಗಿಸಿ ಸಿಕ್ಕಿಕೊಳ್ಳುತ್ತಾರೆ. ದುಪಟ್ಟಾ ಬಿಚ್ಚಿದವರು 3 ಕಳೆಯುತ್ತಾರೆ.

ನೆಲದ ಮೇಲೆ ಸಂಖ್ಯಾರೇಖೆ

ಇದು ಎಲ್ಲರಿಗೂ ಗೊತ್ತಿರುವುದೇ, ಹಾಗಾಗಿ ಬೇಗ ಮುಗಿಸುತ್ತೇನೆ. ಸೀಮೆಸುಣ್ಣದಲ್ಲಿ −10ರಿಂದ 10ರವರೆಗೆ ಗೆರೆ ಎಳೆಯಿರಿ. ನಿಯಮ ಮಾತ್ರ ಬಿಗಿಯಾಗಿರಲಿ: ಸಂಖ್ಯೆಯ ಚಿಹ್ನೆ ಹೇಳುವುದು ಯಾವ ಕಡೆ ಮುಖ ಮಾಡಬೇಕು ಅಂತ, ಕೂಡುವುದೋ ಕಳೆಯುವುದೋ ಅನ್ನುವುದು ಹೇಳುವುದು ಮುಂದಕ್ಕೆ ನಡೆಯಬೇಕೋ ಹಿಂದಕ್ಕೋ ಅಂತ. 2 − (−3) ಅಂದರೆ 2ರಲ್ಲಿ ನಿಂತು, ಋಣದ ಕಡೆ ಮುಖ ಮಾಡಿ, ಮೂರು ಹೆಜ್ಜೆ ಹಿಂದಕ್ಕೆ. ಎಲ್ಲಿ ಬಂದಿರಿ ನೋಡಿ, 5. "ಮೈನಸ್ಸು ಮೈನಸ್ಸು ಪ್ಲಸ್ಸು" ಅನ್ನುವ ಮಂತ್ರ ಬೇಕಾಗುವುದೇ ಇಲ್ಲ.

ತಿರುಗುವುದು

ಕೋನ ಅಂದರೆ ಎರಡು ಗೆರೆಗಳ ನಡುವಿನ ಮೂಲೆ ಅಂತ ಮಾತ್ರ ಮಕ್ಕಳ ತಲೆಯಲ್ಲಿರುತ್ತದೆ. ಅದು ತಿರುಗುವಿಕೆಯ ಅಳತೆ ಅಂತ ಮೈಗೆ ಗೊತ್ತಾಗಬೇಕು. ಕಾಲು ಸುತ್ತು, ಅರ್ಧ ಸುತ್ತು, ಮುಕ್ಕಾಲು ಸುತ್ತು ಜಿಗಿದು ತಿರುಗುವುದರಿಂದ ಶುರು ಮಾಡಿ. ಬಲಕ್ಕೆ ಮುಕ್ಕಾಲು ತಿರುಗಿದವರೂ ಎಡಕ್ಕೆ ಕಾಲು ತಿರುಗಿದವರೂ ಒಂದೇ ಕಡೆ ನೋಡುತ್ತಿರುತ್ತಾರೆ.

ಆಮೇಲೆ ಆಕೃತಿ ನಡೆಸಿ. ನಾಲ್ಕು ಹೆಜ್ಜೆ, 90 ಡಿಗ್ರಿ ತಿರುಗು, ಹೀಗೆ ನಾಲ್ಕು ಸಲ: ಚೌಕ. ಸಮಬಾಹು ತ್ರಿಭುಜಕ್ಕೆ ಎಷ್ಟು ತಿರುಗಬೇಕು ಅಂತ ಕೇಳಿದರೆ ಪುಸ್ತಕ ಓದಿದವರೆಲ್ಲ 60 ಅನ್ನುತ್ತಾರೆ. ನಡೆಯಲಿ. 60 ತಿರುಗಿ ನಡೆದರೆ ಹೊರಟ ಜಾಗಕ್ಕೆ ಬರುವುದು ಆರನೇ ಸಾಲಿಗೆ, ಅಷ್ಟು ಹೊತ್ತಿಗೆ ಷಡ್ಭುಜ ಆಗಿರುತ್ತದೆ. ತ್ರಿಭುಜಕ್ಕೆ 120 ತಿರುಗಬೇಕು, ಯಾಕೆಂದರೆ ನಡೆಯುವವರು ತಿರುಗುವುದು ಹೊರಕೋನವನ್ನು. ದಾರಿ ತನ್ನನ್ನೇ ದಾಟದ ಯಾವ ಆಕೃತಿಯೇ ಆಗಲಿ, ಹೊರಟ ಜಾಗಕ್ಕೆ ಬಂದು ಮೊದಲಿನ ಕಡೆಗೇ ಮುಖ ಮಾಡಿದರೆ ಒಟ್ಟು ಒಂದು ಪೂರ್ತಿ ಸುತ್ತು, 360. ಐದು ಮೂಲೆ ನಕ್ಷತ್ರ ನಡೆಯಲು ಮಾತ್ರ ಪ್ರತಿ ಮೂಲೆಯಲ್ಲಿ 144, ಒಟ್ಟು 720, ಅಂದರೆ ಎರಡು ಸುತ್ತು. ನಕ್ಷತ್ರ ನಡೆದ ಮಗುವಿಗೆ ತಲೆ ಜಾಸ್ತಿ ತಿರುಗುತ್ತದೆ ಅನ್ನುವುದು ತಮಾಷೆ ಅಲ್ಲ, ಲೆಕ್ಕ.

ತಾಳ: ಭಿನ್ನರಾಶಿಯಿಂದ ಬೀಜಗಣಿತದವರೆಗೆ

ನಮ್ಮ ಸಂಗೀತ, ಭರತನಾಟ್ಯ, ಯಕ್ಷಗಾನ ಕಲಿಯುವ ಮಕ್ಕಳು ಕ್ಲಾಸಿನಲ್ಲಿ ಒಬ್ಬರಾದರೂ ಇರುತ್ತಾರೆ. ಅವರನ್ನು ಮುಂದೆ ನಿಲ್ಲಿಸಿ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕ ತಕಿಟ, ಏಳಕ್ಕೆ ತಕಿಟ ತಕಧಿಮಿ, ಒಂಬತ್ತಕ್ಕೆ ತಕಧಿಮಿ ತಕ ತಕಿಟ. ಸಂಖ್ಯೆಯನ್ನು ಒಡೆದು ಕೂಡಿಸುವುದು ಇಲ್ಲೇ ಆಗಿಹೋಯಿತು.

ಭಿನ್ನರಾಶಿಗೆ ಒಂದು ಗುಂಪು ಒಂದು ಚಪ್ಪಾಳೆಗೆ ಮೂರು ಹೆಜ್ಜೆ ಸಮವಾಗಿ ಇಡಲಿ, ಇನ್ನೊಂದು ಗುಂಪು ಅದೇ ಚಪ್ಪಾಳೆಗೆ ನಾಲ್ಕು. ಚಪ್ಪಾಳೆ ತುಂಬಾ ನಿಧಾನ ಇರಲಿ. ಮೊದಲ ಹೆಜ್ಜೆ ಇಬ್ಬರದೂ ಒಟ್ಟಿಗೆ, ಎರಡನೇ ಹೆಜ್ಜೆ ಯಾರದು ಮೊದಲು ಬೀಳುತ್ತದೆ? 4 ದೊಡ್ಡದು, ಹಾಗಾಗಿ 1/4 ದೊಡ್ಡದು ಅಂತ ನಂಬಿರುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ನಾಲ್ಕು ಹೆಜ್ಜೆಯವರ ಕಾಲು ಮೊದಲು ಬೀಳುವುದನ್ನು ಅವರು ಕಿವಿಯಿಂದಲೇ ಕೇಳುತ್ತಾರೆ. ಮೂರು, ನಾಲ್ಕು ಎರಡನ್ನೂ ಒಟ್ಟಿಗೆ ಹಿಡಿಯಲು ಕಷ್ಟ ಆದರೆ ಒಂದು ಚಪ್ಪಾಳೆಯನ್ನು 12 ಸಣ್ಣ ಎಣಿಕೆ ಮಾಡಿಕೊಳ್ಳಿ. ಒಬ್ಬರು 0, 4, 8ಕ್ಕೆ ಹೆಜ್ಜೆ ಇಡುತ್ತಾರೆ, ಇನ್ನೊಬ್ಬರು 0, 3, 6, 9ಕ್ಕೆ. ಛೇದ ಸಮ ಮಾಡುವುದು ಅಂದರೆ ಇದೇ.

ಏಳನೇ, ಎಂಟನೇ ಕ್ಲಾಸಿಗೆ ಮುಕ್ತಾಯ ಕೊಡಿ. ಆದಿ ತಾಳ ಎಂಟು ಎಣಿಕೆ, ಎರಡು ಆವರ್ತಕ್ಕೆ, ಅಂದರೆ ಎರಡು ಸುತ್ತಿಗೆ, 16. ಒಂದೇ ಹೆಜ್ಜೆಗಟ್ಟನ್ನು ಮೂರು ಸಲ ಕುಣಿಯಬೇಕು, ನಡುವೆ ಎರಡು ಕಡೆ ಒಂದೇ ಅಳತೆಯ ಬಿಡುವು. ಬಿಡುವಿಗೆ ಕಾರ್ವೆ ಅನ್ನುತ್ತಾರೆ. ಎಲ್ಲ ಮುಗಿದು ಮುಂದಿನ ಹೆಜ್ಜೆ ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ ಬೀಳಬೇಕು. ಮೂರು ಹೆಜ್ಜೆಗಟ್ಟು, ಎರಡು ಬಿಡುವು, ಒಟ್ಟು 16. ಹೆಜ್ಜೆಗಟ್ಟು 4 ಆದರೆ ಬಿಡುವು 2: 12 + 4. ಹೆಜ್ಜೆಗಟ್ಟು 2 ಆದರೆ ಬಿಡುವು 5: 6 + 10. ಹೆಜ್ಜೆಗಟ್ಟು 5 ಮಾಡಿ ನೋಡಿ ಅನ್ನಿ. 15 ಅಲ್ಲೇ ಆಯಿತು, ಉಳಿದ 1ನ್ನು ಎರಡು ಬಿಡುವಿಗೆ ಹಂಚಬೇಕು. ಬೆಸ ಸಂಖ್ಯೆಯ ಹೆಜ್ಜೆಗಟ್ಟು ಯಾಕೆ ಕೂಡುವುದಿಲ್ಲ ಅಂತ ಅವರೇ ಹೇಳಲಿ. ಕುಣಿಯಲು ಗೊತ್ತಿರುವ ಹುಡುಗಿ ಇದ್ದರೆ "ಅರ್ಧ ಅರ್ಧ ಬಿಡುವು ಕೊಡ್ತೀನಿ" ಅನ್ನುತ್ತಾಳೆ, ಅಥವಾ "ಒಂದು ಎಣಿಕೆ ತಡೆದು ಶುರು ಮಾಡ್ತೀನಿ" ಅನ್ನುತ್ತಾಳೆ. ಎರಡೂ ಸರಿ, ವೇದಿಕೆ ಮೇಲೆ ಮಾಡುವುದೂ ಹಾಗೆಯೇ. ಮುಂದೆ 24 ಎಣಿಕೆ ಕೊಡಿ: 8ಕ್ಕೆ ಬಿಡುವೇ ಇಲ್ಲ, 6ಕ್ಕೆ 3, 4ಕ್ಕೆ 6, 2ಕ್ಕೆ 9. ಕೋಷ್ಟಕ ಮಾಡಿಸಿ, ಹೆಜ್ಜೆಗಟ್ಟು 2 ಕಡಿಮೆ ಆದಾಗಲೆಲ್ಲ ಬಿಡುವು 3 ಜಾಸ್ತಿ ಆಗುವುದನ್ನು ಅವರೇ ಕಂಡುಹಿಡಿಯಲಿ.

ಇನ್ನೂ ಬೇಕು ಅನ್ನುವವರಿಗೆ ಕರ್ನಾಟಕ ಸಂಗೀತದ ಸುಳಾದಿ ಸಪ್ತ ತಾಳಗಳಿವೆ. ಏಳು ತಾಳ, ಐದು ಜಾತಿ, 35. ಲಘು, ದ್ರುತ ಅಂದರೆ ತಾಳದ ತುಂಡುಗಳು: ಲಘು ಜಾತಿಗೆ ತಕ್ಕಂತೆ 3, 4, 5, 7 ಅಥವಾ 9 ಎಣಿಕೆ, ದ್ರುತ ಯಾವಾಗಲೂ 2. ಧ್ರುವ ತಾಳದಲ್ಲಿ ಮೂರು ಲಘು, ಒಂದು ದ್ರುತ. ಅಟ ತಾಳದಲ್ಲಿ ಎರಡು ಲಘು, ಎರಡು ದ್ರುತ. ಚತುರಶ್ರ ಜಾತಿ (ಲಘು 4) ಧ್ರುವವೂ 14, ಖಂಡ ಜಾತಿ (ಲಘು 5) ಅಟವೂ 14. ಒಂದು ಗುಂಪು ಇದನ್ನು ಹಿಡಿಯಲಿ, ಒಂದು ಗುಂಪು ಅದನ್ನು. ಒಟ್ಟಿಗೆ ಶುರು, ಒಟ್ಟಿಗೆ ಮುಗಿತಾಯ, ನಡುವೆ ಪೂರ್ತಿ ಗೊಂದಲ. ಅಕ್ಷರ ಹಾಕಿ ಸೂತ್ರ ಬರೆಯುವುದು ಯಾಕೆ ಬೇಕು ಅಂತ ಆಗ ಗೊತ್ತಾಗುತ್ತದೆ.

ಒಂದು ಮಾತ್ರೆ, ಎರಡು ಮಾತ್ರೆ

ಹೈಸ್ಕೂಲಿನಲ್ಲಿ ಲಘು, ಗುರು ಕನ್ನಡ ಪಿರಿಯಡ್ಡಿನ ತಲೆನೋವು. ಅದನ್ನು ಗಣಿತ ಪಿರಿಯಡ್ಡಿಗೆ ತನ್ನಿ. (ಇಲ್ಲಿಯ ಲಘು ಛಂದಸ್ಸಿನದು, ತಾಳದ್ದಲ್ಲ. ತಾಳ ಕಲಿತ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ.) ಲಘು ಅಂದರೆ ಒಂದು ಎಣಿಕೆಯ ಸಣ್ಣ ಹೆಜ್ಜೆ, ಗುರು ಅಂದರೆ ಎರಡು ಎಣಿಕೆಯ ದೊಡ್ಡ ಹೆಜ್ಜೆ. ನಾಲ್ಕು ಎಣಿಕೆಯನ್ನು ಎಷ್ಟು ರೀತಿ ತುಂಬಬಹುದು? ಗುಂಪು ಗುಂಪಾಗಿ ಕುಣಿದು ಹುಡುಕಲಿ. ಐದು ರೀತಿ. ಮೂರು ಎಣಿಕೆಗೆ ಮೂರು ರೀತಿ, ಐದು ಎಣಿಕೆಗೆ ಎಂಟು ರೀತಿ. 1, 2, 3, 5, 8, ಮುಂದೆ 13. ಕೊನೆಯ ಹೆಜ್ಜೆ ಸಣ್ಣದಾಗಿರಬೇಕು ಅಥವಾ ದೊಡ್ಡದಾಗಿರಬೇಕು, ಅದಕ್ಕೇ ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುತ್ತದೆ. ಗಣಿತಜ್ಞ ಫಿಬೊನಾಚಿ ಇಟಲಿಯಲ್ಲಿ 1202ರಲ್ಲಿ ಮೊಲಗಳ ಲೆಕ್ಕದಲ್ಲಿ ಈ ಸಾಲು ಬರೆದ. ಅದಕ್ಕೂ ಮುಂಚೆಯೇ, 12ನೇ ಶತಮಾನದಲ್ಲಿ, ಜೈನ ಪಂಡಿತ ಹೇಮಚಂದ್ರ ಛಂದಸ್ಸಿನ ಮಾತ್ರೆಗಳನ್ನು ಎಣಿಸುತ್ತಾ ಇದೇ ನಿಯಮ ಹೇಳಿದ್ದ.

ಭಾಮಿನಿ ಷಟ್ಪದಿಯನ್ನು 3, 4, 3, 4 ಅಂತ ನಡೆದೇ ನೋಡಿ. 1, 2, 4, 5ನೇ ಸಾಲು 14 ಮಾತ್ರೆ. 3 ಮತ್ತು 6ನೇ ಸಾಲು 3, 4, 3, 4, 3, 4 ಮತ್ತು ಕೊನೆಗೊಂದು ಗುರು, 23. ಪೂರ್ತಿ ಪದ್ಯಕ್ಕೆ 102. ಕುಮಾರವ್ಯಾಸನ ಒಂದು ಪದ್ಯ ಹೇಳುತ್ತಾ ನಡೆದರೆ ಎಲ್ಲಿ ಮಾತ್ರೆ ತಪ್ಪಿತು ಅಂತ ಕಾಲೇ ಹೇಳುತ್ತದೆ. ಕನ್ನಡ ಮೇಡಂ ಜೊತೆ ಸೇರಿ ಮಾಡಿ.

ಎರಡು ಹಗ್ಗ, ನಾಲ್ಕು ಮಕ್ಕಳು

ಇದು ಜಾನ್ ಕಾನ್ವೇ ಅನ್ನುವ ಇಂಗ್ಲೆಂಡಿನ ಗಣಿತಜ್ಞರ ಆಟ. ಎಂಟನೇ ಕ್ಲಾಸಿನಿಂದ ಮೇಲೆ ಮಾಡಿ, ಋಣ ಸಂಖ್ಯೆ ಮತ್ತು ಭಿನ್ನರಾಶಿ ಗೊತ್ತಿರಬೇಕು.

ನಾಲ್ಕು ಮಕ್ಕಳು ಚೌಕದ ನಾಲ್ಕು ಮೂಲೆಯಲ್ಲಿ. ಮುಂದಿನ ಇಬ್ಬರು ಒಂದು ಹಗ್ಗದ ಎರಡು ತುದಿ ಹಿಡಿದಿರುತ್ತಾರೆ, ಹಿಂದಿನ ಇಬ್ಬರು ಇನ್ನೊಂದು ಹಗ್ಗ. ಈ ಸ್ಥಿತಿ ಸೊನ್ನೆ. ಎರಡೇ ಆಜ್ಞೆ. "ಹೊಸೆ" ಅಂದರೆ ಬಲಗಡೆ ಮೂಲೆಗಳಲ್ಲಿರುವ ಇಬ್ಬರು ಜಾಗ ಬದಲಿಸಬೇಕು, ಮುಂದಿನವರು ಕೈ ಎತ್ತುತ್ತಾರೆ, ಹಿಂದಿನವರು ಆ ಹಗ್ಗದ ಕೆಳಗೆ ನುಗ್ಗಿ ಮುಂದೆ ಬರುತ್ತಾರೆ. ಯಾರು ಕೆಳಗೆ ನುಗ್ಗಬೇಕು ಅನ್ನುವುದು ಯಾವತ್ತೂ ಬದಲಾಗಬಾರದು. "ತಿರುಗು" ಅಂದರೆ ನಾಲ್ಕೂ ಜನ ಗಡಿಯಾರದ ದಿಕ್ಕಿನಲ್ಲಿ ಒಂದೊಂದು ಮೂಲೆ ಮುಂದಕ್ಕೆ. ಲೆಕ್ಕದಲ್ಲಿ ಹೊಸೆ ಅಂದರೆ 1 ಕೂಡು. ತಿರುಗು ಅಂದರೆ ಸಂಖ್ಯೆಯನ್ನು ತಲೆಕೆಳಗು ಮಾಡಿ ಚಿಹ್ನೆ ಬದಲಿಸು.

ಹೊಸೆ, ಹೊಸೆ, ತಿರುಗು. 0, 1, 2, ಆಮೇಲೆ −1/2. ಈಗ ಹಗ್ಗ ಸಿಕ್ಕಾಗಿದೆ. ಈ ಎರಡೇ ಆಜ್ಞೆ ಬಳಸಿ ಬಿಡಿಸಬೇಕು, ಹಿಂದಕ್ಕೆ ಹೋಗುವ ಹಾಗಿಲ್ಲ. ನೋಡಿ ಬಿಡಿಸಲು ಹೋದವರು ಇನ್ನೂ ಸಿಕ್ಕು ಮಾಡುತ್ತಾರೆ. ಲೆಕ್ಕ ಹಾಕಿದವರು ಹೀಗೆ ಹೇಳುತ್ತಾರೆ: ಹೊಸೆ, 1/2. ತಿರುಗು, −2. ಹೊಸೆ, −1. ಹೊಸೆ, 0. ಹಗ್ಗ ಎಳೆದರೆ ಎರಡೂ ನೆಟ್ಟಗೆ, ಬೇರೆ ಬೇರೆ. ಮಕ್ಕಳು ಕಿರುಚುತ್ತಾರೆ, ಅದಕ್ಕೆ ಸಿದ್ಧವಾಗಿರಿ. ಆಮೇಲೆ 2/3 ಕೊಡಿ: ತಿರುಗು, −3/2. ಹೊಸೆ, −1/2. ಹೊಸೆ, 1/2. ತಿರುಗು, −2. ಎರಡು ಸಲ ಹೊಸೆ, 0. ಋಣ ಇದ್ದರೆ ಹೊಸೆ, ಧನ ಇದ್ದರೆ ತಿರುಗು ಅನ್ನುವ ಉಪಾಯ ಅವರೇ ಕಂಡುಕೊಳ್ಳಲಿ.

ಯಾರಾದರೂ 0ಯಲ್ಲೇ "ತಿರುಗು" ಅನ್ನುತ್ತಾರೆ. ಸೊನ್ನೆಯನ್ನು ತಲೆಕೆಳಗು ಮಾಡುವುದು ಹೇಗೆ? ತಿರುಗಿಸಿ ನೋಡಿ. ಹಗ್ಗಗಳು ಈಗ ಮುಂದಿನಿಂದ ಹಿಂದಕ್ಕೆ ನೆಟ್ಟಗಿವೆ, ಬಲಗಡೆಯ ಇಬ್ಬರೂ ಹಿಡಿದಿರುವುದು ಒಂದೇ ಹಗ್ಗದ ಎರಡು ತುದಿ. ಈಗ ಎಷ್ಟು ಸಲ ಹೊಸೆದರೂ ಏನೂ ಬದಲಾಗುವುದಿಲ್ಲ. 1 ಕೂಡಿದರೂ ಅಷ್ಟೇ ಇರುವ ಆ ಸ್ಥಿತಿಗೆ ಏನು ಹೆಸರಿಡಬೇಕು ಅಂತ ಕೇಳಿ ಸುಮ್ಮನಿದ್ದುಬಿಡಿ.

ಪುಸ್ತಕಕ್ಕೆ ಇಳಿಸುವುದು

ಎಲ್ಲವನ್ನೂ ಕುಣಿಸಲು ಹೋಗಬೇಡಿ. ದೀರ್ಘ ಭಾಗಾಕಾರ, ದಶಮಾಂಶದ ಕೂಡುವುದು ಕಳೆಯುವುದು, ಇವುಗಳಲ್ಲಿ ಮೈಗೆ ಕೆಲಸ ಇಲ್ಲ. ಒತ್ತಾಯವಾಗಿ ಹೆಜ್ಜೆ ಹಾಕಿಸಿದರೆ ಮೇಲೆ ಹೇಳಿದ ಥರ್ಮಾಕೋಲಿನ ಕಥೆಯೇ. ವಾರಕ್ಕೆ ಒಂದು ಪಿರಿಯಡ್ಡು ಸಾಕು, ಅದರಲ್ಲೂ ಅರ್ಧ ಕುಣಿತ, ಅರ್ಧ ಬರಹ. ನಲಿ-ಕಲಿ (ಸರ್ಕಾರಿ ಶಾಲೆಗಳ ಚಟುವಟಿಕೆ ಮೂಲಕ ಕಲಿಸುವ ಪದ್ಧತಿ) ಇರುವ ಚಿಕ್ಕ ತರಗತಿಗಳಲ್ಲಿ ಚಟುವಟಿಕೆ ಹೊಸದೇನಲ್ಲ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು ಅದು. ಕಷ್ಟ ಬರುವುದು ಮೇಲಿನ ಕ್ಲಾಸುಗಳಲ್ಲಿ, "ಪೋರ್ಷನ್ ಮುಗಿಸೋದು ಬಿಟ್ಟು ಕುಣಿಸ್ತಾರೆ" ಅನ್ನುವ ಮಾತು ಬಂದೇ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಪಾಠದ ಜೊತೆ ಸೇರಿಸಿ ಕಲಿಸಬೇಕು ಅಂತ ಹೇಳುತ್ತದೆ, ಅದನ್ನು ತೋರಿಸಬಹುದು. ಅದಕ್ಕಿಂತ ಮಕ್ಕಳ ನೋಟ್ ಬುಕ್ ತೋರಿಸುವುದು ಜಾಸ್ತಿ ಕೆಲಸ ಮಾಡುತ್ತದೆ.

ಹಾಗಾಗಿ ನೋಟ್ ಬುಕ್ಕಿನಲ್ಲಿ ಏನಿರಬೇಕು ಅಂತ ಹೇಳಿಬಿಡುತ್ತೇನೆ. ಕುಣಿತದ ಚಿತ್ರ, ಮೊದಲಿನ ಊಹೆ, ಆದದ್ದು ಏನು, ಯಾಕೆ. ಊಹೆ ತಪ್ಪಾಗಿದ್ದರೆ ಅದನ್ನು ಅಳಿಸಲು ಬಿಡಬೇಡಿ. ಮರುದಿನ ಕುಣಿಯದೇ ಮಾಡಬೇಕಾದ ಒಂದು ಪ್ರಶ್ನೆ ಕೊಡಿ, ನಿಜವಾಗಿ ತಲೆಗೆ ಹೋಗಿದೆಯಾ ಅಂತ ಗೊತ್ತಾಗುವುದು ಅದರಿಂದಲೇ. ನಾನು ಕೊಡುವುದು ಇದು: 12 ಜನರ ವೃತ್ತದಲ್ಲಿ 8ರ ಜಿಗಿತ ಎಷ್ಟು ಜನರನ್ನು ಮುಟ್ಟುತ್ತದೆ, ಯಾವ ಆಕೃತಿ ಬರುತ್ತದೆ? ಮೂರು ಜನ, ತ್ರಿಭುಜ. ಉತ್ತರ ಬಂದವರಿಗೆ ಮುಂದಿನ ಪ್ರಶ್ನೆ, ಅದೇ ತ್ರಿಭುಜವನ್ನು ಉಲ್ಟಾ ದಿಕ್ಕಿನಲ್ಲಿ ನಡೆಯಲು ಎಷ್ಟರ ಜಿಗಿತ ಬೇಕು.